ಸ್ಪೀಡ್ ಇದೆ, ಆದರೂ ಆಟ ಕಟ್ ಆಗುತ್ತಿದೆ: ತಪ್ಪು ಎಲ್ಲಿದೆ ಎಂದು ಹುಡುಕುವುದು ಹೇಗೆ?

ಪ್ರಶ್ನೆ: ನಾನು ರಾತ್ರಿ ಹೊತ್ತು ಪಿಸಿಯಲ್ಲಿ ಆನ್‌ಲೈನ್ ಶೂಟಿಂಗ್ ಗೇಮ್ ಆಡುತ್ತೇನೆ. ಗಂಟೆಗೆ ಒಂದೆರಡು ಸಲವಾದರೂ ‘ಸರ್ವರ್ ಸಂಪರ್ಕ ಕಡಿದುಹೋಗಿದೆ’ ಎಂದು ಹೊರಗೆ ಹಾಕುತ್ತದೆ. ಅದೇ ಹೊತ್ತಿಗೆ ಪಕ್ಕದ ಕೋಣೆಯಲ್ಲಿ ಮನೆಯವರು ನೋಡುವ ವಿಡಿಯೊ ಒಂದು ಕ್ಷಣವೂ ನಿಲ್ಲುವುದಿಲ್ಲ. ಸ್ಪೀಡ್ ಟೆಸ್ಟ್‌ನಲ್ಲಿ 200 ಎಂಬಿಪಿಎಸ್ ಬರುತ್ತದೆ. ಇಂಟರ್ನೆಟ್ ಕಂಪನಿಗೆ ಮೂರು ಸಲ ದೂರು ಕೊಟ್ಟೆ. ‘ನಮ್ಮ ಲೈನ್ ಸರಿಯಾಗಿಯೇ ಇದೆ’ ಎನ್ನುತ್ತಾರೆ. ಡಿಎನ್‌ಎಸ್ ಬದಲಾಯಿಸಿದೆ, ಪೋರ್ಟ್ ಫಾರ್ವರ್ಡಿಂಗ್ ಮಾಡಿದೆ, ಆಟವನ್ನು ಅಳಿಸಿ ಮತ್ತೆ ಹಾಕಿಕೊಂಡೆ. ಇನ್ನು ಗೇಮಿಂಗ್ ರೂಟರ್ ಕೊಳ್ಳುವುದೊಂದೇ ಬಾಕಿ. ಕೊಳ್ಳಲೇ?

ಉತ್ತರ: ಸದ್ಯಕ್ಕೆ ಬೇಡ. ತಪ್ಪು ರೂಟರ್‌ನದೇ ಎಂದು ಗೊತ್ತಾಗುವ ಮೊದಲು ರೂಟರ್ ಬದಲಿಸುವುದು ತಲೆನೋವು ಬಂದ ತಕ್ಷಣ ಕನ್ನಡಕ ಬದಲಿಸಿದ ಹಾಗೆ. ಅಪರೂಪಕ್ಕೆ ಅದೇ ಕಾರಣವಾಗಿರಬಹುದು, ಆದರೆ ಪರೀಕ್ಷೆ ಮಾಡಿಸಿಕೊಳ್ಳದೆ ಯಾರೂ ಹಾಗೆ ಮಾಡುವುದಿಲ್ಲ.

ನಿಮ್ಮ ಪ್ರಶ್ನೆಯಲ್ಲಿ ಒಂದು ವಿಷಯ ಬಿಟ್ಟುಹೋಗಿದೆ. ಪಿಸಿಯಿಂದ ರೂಟರ್‌ಗೆ ಕೇಬಲ್ ಎಳೆದಿದ್ದೀರೋ, ವೈ-ಫೈನಲ್ಲಿ ಆಡುತ್ತಿದ್ದೀರೋ ಹೇಳಿಲ್ಲ. ಹೇಳದವರು ಬಹುಪಾಲು ವೈ-ಫೈನವರೇ ಆಗಿರುತ್ತಾರೆ ಎನ್ನುವುದು ನನ್ನ ಅನುಭವ, ಹಾಗೆಂದುಕೊಂಡೇ ಬರೆಯುತ್ತೇನೆ. ಕೇಬಲ್ ಆಗಿದ್ದರೆ ನಡುವಿನ ಕೆಲವು ಪ್ಯಾರಾಗಳನ್ನು ಹಾರಿಸಿ ಓದಿ.

ಮೊದಲು ಆ ವಿಡಿಯೊದ ಒಗಟು ಬಿಡಿಸೋಣ, ಏಕೆಂದರೆ ಎಲ್ಲರೂ ದಾರಿ ತಪ್ಪುವುದು ಅಲ್ಲಿಯೇ. ವಿಡಿಯೊ ಎಂದರೆ ತೊಟ್ಟಿಯಲ್ಲಿ ನೀರು ತುಂಬಿಟ್ಟುಕೊಂಡು ಬಳಸಿದ ಹಾಗೆ. ನೀವು ನೋಡುತ್ತಿರುವ ದೃಶ್ಯ ಆಗಲೇ ನಿಮ್ಮ ಸಾಧನಕ್ಕೆ ಬಂದು ಕೂತಿರುತ್ತದೆ. ಮುಂದಿನ ಹತ್ತಾರು ಸೆಕೆಂಡುಗಳ ಸರಕೂ ಬಂದಿರುತ್ತದೆ. ನಲ್ಲಿ ಎಂಟು ಸೆಕೆಂಡ್ ನಿಂತು ಮತ್ತೆ ಬಂದರೆ ನೋಡುವವರಿಗೆ ತಿಳಿಯುವುದೇ ಇಲ್ಲ. ಆಟ ಹಾಗಲ್ಲ, ಅದು ಎದುರುಬದುರು ಮಾತುಕತೆ. ಸೆಕೆಂಡಿಗೆ ಹತ್ತಾರು ಸಲ ಪ್ಯಾಕೆಟ್‌ಗಳು, ಅಂದರೆ ಮಾಹಿತಿಯ ಚಿಕ್ಕ ಚಿಕ್ಕ ಪೊಟ್ಟಣಗಳು, ಅತ್ತಿಂದಿತ್ತ ಓಡಾಡುತ್ತಿರುತ್ತವೆ. ಅವು ಹೆಚ್ಚಾಗಿ ಹೋಗುವುದು ಯುಡಿಪಿ ಎಂಬ ವಿಧಾನದಲ್ಲಿ. ಅದರಲ್ಲಿ ದಾರಿಯಲ್ಲಿ ಕಳೆದುಹೋದದ್ದನ್ನು ತಾನಾಗಿ ಮತ್ತೆ ಕಳುಹಿಸುವ ಪದ್ಧತಿ ಇಲ್ಲ, ಅರ್ಧ ಸೆಕೆಂಡ್ ಹಿಂದೆ ನೀವು ಎಲ್ಲಿ ನಿಂತಿದ್ದಿರಿ ಎನ್ನುವುದು ಈಗ ಯಾರಿಗೂ ಬೇಡ ತಾನೆ? ಕೆಲವು ಸೆಕೆಂಡು ನಿಮ್ಮಿಂದ ಏನೂ ಬರದಿದ್ದರೆ ಆಟಗಾರ ಹೊರಟುಹೋದ ಎಂದು ಸರ್ವರ್ ತೀರ್ಮಾನಿಸಿ ಬಾಗಿಲು ಹಾಕುತ್ತದೆ. ಆ ಎಂಟು ಸೆಕೆಂಡ್ ಪಕ್ಕದ ಕೋಣೆಯಲ್ಲೂ ಹೋಗಿರಬಹುದು. ಅಲ್ಲಿ ಯಾರೂ ಗಮನಿಸಿಲ್ಲ, ಅಷ್ಟೆ.

200 ಎಂಬಿಪಿಎಸ್ ಎಂಬ ಅಂಕಿಯೂ ಇಲ್ಲಿ ಸಾಕ್ಷಿಗೆ ಬರುವುದಿಲ್ಲ. ಆಡುವಾಗ ಆಟಕ್ಕೆ ಬೇಕಾಗುವುದು ಸಾಮಾನ್ಯವಾಗಿ ಒಂದು ಎಂಬಿಪಿಎಸ್‌ಗಿಂತಲೂ ಕಡಿಮೆ. ಹತ್ತಾರು ಜಿಬಿ ನುಂಗುವುದು ಅಪ್‌ಡೇಟ್ ಇಳಿಸಿಕೊಳ್ಳುವಾಗ ಮಾತ್ರ. ಸ್ಪೀಡ್ ಟೆಸ್ಟ್ ಅಳೆಯುವುದು ಕೊಳವೆ ಎಷ್ಟು ದಪ್ಪ ಎಂದು. ಅದೂ ಅರ್ಧ ನಿಮಿಷದ ಒಳಗಿನ ಕೆಲಸ. ಇಪ್ಪತ್ತೈದು ನಿಮಿಷಕ್ಕೊಮ್ಮೆ ಐದು ಸೆಕೆಂಡ್ ಉಸಿರು ನಿಲ್ಲಿಸುವ ಸಂಪರ್ಕ ಆ ಪರೀಕ್ಷೆಯಲ್ಲಿ ಬಹುತೇಕ ಪ್ರತಿಸಲವೂ ಪಾಸಾಗುತ್ತದೆ.

ನೀವು ಈಗಾಗಲೇ ಮಾಡಿರುವ ಮೂರು ಪ್ರಯೋಗಗಳ ಬಗ್ಗೆಯೂ ಹೇಳಿಬಿಡುತ್ತೇನೆ. ಡಿಎನ್‌ಎಸ್ ಎನ್ನುವುದು ಸರ್ವರ್‌ನ ಹೆಸರಿಗೆ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಆಟ ಶುರುವಾಗುವಾಗ ಅದರ ಕೆಲಸ ಮುಗಿಯುತ್ತದೆ, ಪಂದ್ಯದ ನಡುವೆ ಕಟ್ ಆಗುವುದಕ್ಕೂ ಅದಕ್ಕೂ ಸಂಬಂಧ ಕಡಿಮೆ. ಪೋರ್ಟ್ ಫಾರ್ವರ್ಡಿಂಗ್ ಬೇಕಾಗುವುದು ಹೊರಗಿನವರು ನಿಮ್ಮ ಯಂತ್ರಕ್ಕೆ ಬಂದು ಸೇರಬೇಕಾದಾಗ. ನೀವೇ ಕಂಪನಿಯ ಸರ್ವರ್‌ಗೆ ಹೋಗಿ ಸೇರುವ ಆಟಕ್ಕೆ ಅದರ ಅಗತ್ಯವಿಲ್ಲ. ಹೊರಗಿನಿಂದ ಒಳಕ್ಕೆ ದಾರಿ ತೆರೆದಿಟ್ಟಂತೆ ಆಗುವುದರಿಂದ ಆ ಸೆಟ್ಟಿಂಗನ್ನು ಇವತ್ತೇ ತೆಗೆದುಹಾಕಿ. ಆಟವನ್ನು ಮತ್ತೆ ಹಾಕಿಕೊಂಡದ್ದು, ಪಾಪ, ಡೌನ್‌ಲೋಡ್ ಮಾಡಿದ್ದೇ ಬಂತು.

ಈಗ ನಿಜವಾದ ಕೆಲಸ. ನಿಮ್ಮ ಪಿಸಿಯಿಂದ ಸರ್ವರ್‌ವರೆಗಿನ ದಾರಿಯಲ್ಲಿ ಕೊಂಡಿ ಎಲ್ಲಿ ಕಳಚುತ್ತಿದೆ ಎಂದು ತಿಳಿಯಬೇಕು. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ‘ಐಪಿಕಾನ್ಫಿಗ್’ (ipconfig) ಆಜ್ಞೆ ಕೊಡಿ. ‘ಡೀಫಾಲ್ಟ್ ಗೇಟ್‌ವೇ’ ಎಂಬ ಸಾಲಿನಲ್ಲಿ ಕಾಣುವುದು ರೂಟರ್‌ನ ವಿಳಾಸ, 192.168.1.1 ಅಥವಾ 192.168.0.1 ಎಂದಿರುವುದೇ ಹೆಚ್ಚು. ಒಂದು ಕಿಟಕಿಯಲ್ಲಿ ಆ ವಿಳಾಸಕ್ಕೆ ಪಿಂಗ್ (ping) ಹಚ್ಚಿ; ‘ಇದ್ದೀಯಾ?’ ಎಂದು ಕೇಳಿ ಉತ್ತರ ಬರಲು ಎಷ್ಟು ಹೊತ್ತಾಯಿತು ಎಂದು ಅಳೆಯುವ ಆಜ್ಞೆ ಅದು. ಇನ್ನೊಂದು ಕಿಟಕಿ ತೆರೆದು ಹೊರಗಿನ ವಿಳಾಸವೊಂದಕ್ಕೆ, ಉದಾಹರಣೆಗೆ 8.8.8.8 ಅಥವಾ 1.1.1.1ಕ್ಕೆ, ಪಿಂಗ್ ಹಚ್ಚಿ. ಆಜ್ಞೆಯ ಜೊತೆ ಹೈಫನ್ ಹಾಕಿ ಟಿ ಅಕ್ಷರ ಸೇರಿಸಲು ಮರೆಯಬೇಡಿ. ಇಲ್ಲದಿದ್ದರೆ ವಿಂಡೋಸ್ ನಾಲ್ಕು ಸಲ ಕೇಳಿ ಸುಮ್ಮನಾಗುತ್ತದೆ. ಎರಡನ್ನೂ ಹಿಂದೆ ಓಡಲು ಬಿಟ್ಟು ಎಂದಿನಂತೆ ಆಡಿ. ಕಟ್ ಆದ ತಕ್ಷಣ ಸಿಟ್ಟು ಮಾಡಿಕೊಂಡು ರೂಟರ್ ಆಫ್ ಮಾಡಬೇಡಿ. ಗಡಿಯಾರ ನೋಡಿ ಸಮಯ ಬರೆದುಕೊಂಡು, ಆ ಎರಡು ಕಿಟಕಿಗಳಲ್ಲಿ ಏನಿದೆ ನೋಡಿ.

ರೂಟರ್‌ನ ಕಿಟಕಿಯಲ್ಲೂ ಉತ್ತರ ನಿಂತಿದ್ದರೆ ತಪ್ಪು ಮನೆಯೊಳಗಿನದು: ವೈ-ಫೈ, ಕೇಬಲ್, ಪಿಸಿ ಅಥವಾ ರೂಟರ್. ರೂಟರ್ ಸಲೀಸಾಗಿ ಉತ್ತರಿಸುತ್ತಿದ್ದು ಹೊರಗಿನ ಕಿಟಕಿ ಮಾತ್ರ ನಿಂತಿದ್ದರೆ ರೂಟರ್‌ನಿಂದಾಚೆಗಿನ ಲೈನ್ ಅಥವಾ ಕಂಪನಿಯ ಜಾಲ. ಎರಡೂ ಚೆನ್ನಾಗಿದ್ದು ಆಟ ಮಾತ್ರ ಬಿದ್ದಿದ್ದರೆ ಆಟದ ಸರ್ವರ್, ಅಲ್ಲಿಗೆ ಹೋಗುವ ಬೇರೆ ದಾರಿ, ಇಲ್ಲವೇ ನಿಮ್ಮ ಪಿಸಿಯಲ್ಲಿರುವ ಫೈರ್‌ವಾಲ್, ವಿಪಿಎನ್‌ನಂಥದ್ದು. ಅಲ್ಲಿ ಬರುವ ಸಾಲುಗಳನ್ನೂ ಗಮನಿಸಿ. ‘ರಿಕ್ವೆಸ್ಟ್ ಟೈಮ್ಡ್ ಔಟ್’ ಎಂದರೆ ಕೇಳಿದೆ, ಉತ್ತರ ಬರಲಿಲ್ಲ ಎಂದು. ‘ಜನರಲ್ ಫೇಲ್ಯೂರ್’ ಎಂದು ಬಂದರೆ ಕೇಳುವುದಕ್ಕೇ ಆಗಲಿಲ್ಲ ಎಂದು; ಆಗ ಪಿಸಿಯ ವೈ-ಫೈ ಅಥವಾ ಲ್ಯಾನ್ ಅಡಾಪ್ಟರೇ ಕೈಬಿಟ್ಟಿದೆ. ಈ ಒಂದು ವ್ಯತ್ಯಾಸ ಅರ್ಧ ದಿನದ ಹುಡುಕಾಟ ಉಳಿಸುತ್ತದೆ.

ಮರುದಿನ ಇದೇ ಪರೀಕ್ಷೆಯನ್ನು ಕೇಬಲ್ ಹಾಕಿ ಮಾಡಿ. ಯಾರದಾದರೂ ಉದ್ದನೆಯ ಕೇಬಲ್ ಒಂದು ಸಂಜೆಯ ಮಟ್ಟಿಗೆ ತಂದು ನೆಲದ ಮೇಲೆಯೇ ಎಳೆಯಿರಿ, ಮನೆಯವರು ಒಂದು ರಾತ್ರಿ ಕ್ಷಮಿಸುತ್ತಾರೆ. ಆಗ ವೈ-ಫೈ ಆಫ್ ಮಾಡಿರಬೇಕು. ಕೇಬಲ್‌ನಲ್ಲಿ ರೂಟರ್‌ನ ಉತ್ತರ ಒಂದು ಮಿಲಿಸೆಕೆಂಡಿನ ಆಸುಪಾಸಿನಲ್ಲಿ ಅಲ್ಲಾಡದೆ ಬರುತ್ತದೆ. ವೈ-ಫೈನಲ್ಲಿ ಎರಡು, ಐದು, ನಡುವೆ ಒಮ್ಮೆ ಮೂವತ್ತು ಎಂದು ಏರಿಳಿಯುವುದು ಸಹಜ. ಆದರೆ ನೂರು ದಾಟುತ್ತಿದ್ದರೆ, ಉತ್ತರವೇ ಬಾರದೆ ಹೋಗುತ್ತಿದ್ದರೆ ರೋಗ ಅಲ್ಲೇ ಇದೆ. ಕೇಬಲ್ ಹಾಕಿದ ಮೇಲೆ ಕಟ್ ಆಗುವುದು ನಿಂತುಹೋಯಿತೇ? ಹಾಗಾದರೆ ಕೇಬಲನ್ನೇ ಗೋಡೆಯಂಚಿಗೆ ಕೂರಿಸಿ ಕಾಯಂ ಮಾಡುವುದು ಎಲ್ಲಕ್ಕಿಂತ ಒಳ್ಳೆಯ ಪರಿಹಾರ. ಮುಂದಿನದು ಅದು ಸಾಧ್ಯವೇ ಇಲ್ಲದವರಿಗೆ.

ವೈ-ಫೈನಲ್ಲಿ 2.4 ಗಿಗಾಹರ್ಟ್ಸ್ ಎಂಬ ತರಂಗಪಟ್ಟಿ ಜನನಿಬಿಡ ರಸ್ತೆ. ಬ್ಲೂಟೂತ್ ಅಲ್ಲೇ, ಮೈಕ್ರೋವೇವ್ ಓವನ್‌ನ ಗದ್ದಲವೂ ಅಲ್ಲೇ, ಅಕ್ಕಪಕ್ಕದ ಮನೆಗಳ ರೂಟರ್‌ಗಳೂ ಅಲ್ಲೇ. ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಯುಎಸ್‌ಬಿ 3.0 ಸಾಧನಗಳು ಮತ್ತು ಅವುಗಳ ಕೇಬಲ್‌ಗಳು ಕೂಡ ಇದೇ ಪಟ್ಟಿಯಲ್ಲಿ ಸದ್ದು ಮಾಡುತ್ತವೆ. ಹೊರಗಿನ ಹಾರ್ಡ್ ಡಿಸ್ಕಿನ ಪಕ್ಕದ ಪೋರ್ಟ್‌ಗೆ ವೈ-ಫೈ ಡಾಂಗಲ್ ಸಿಕ್ಕಿಸಿ ಪರದಾಡಿದವರನ್ನು ಕಂಡಿದ್ದೇನೆ. ಹಾಗಿದ್ದರೆ ಡಾಂಗಲನ್ನು ಚಿಕ್ಕ ಎಕ್ಸ್‌ಟೆನ್ಷನ್ ಕೇಬಲ್‌ನಲ್ಲಿ ದೂರಕ್ಕೆ ಎಳೆದು ನೋಡಿ. ಒಟ್ಟಿನಲ್ಲಿ ಆಟಕ್ಕೆ 5 ಗಿಗಾಹರ್ಟ್ಸ್ ಮೇಲು, ರೂಟರ್ ತೀರಾ ದೂರದಲ್ಲಿಲ್ಲದಿದ್ದರೆ.

ಆದರೆ 5 ಗಿಗಾಹರ್ಟ್ಸ್‌ನಲ್ಲಿ ಹೆಚ್ಚು ಜನರಿಗೆ ಗೊತ್ತಿಲ್ಲದ ಒಂದು ಬಲೆ ಇದೆ. 52ರಿಂದ 144ರವರೆಗಿನ ಚಾನೆಲ್‌ಗಳನ್ನು ವೈ-ಫೈ ರೇಡಾರ್‌ಗಳ ಜೊತೆ ಹಂಚಿಕೊಂಡಿದೆ, ಹವಾಮಾನ ರೇಡಾರ್ ಕೂಡ ಅದರಲ್ಲಿ ಸೇರಿದೆ. ಅಲ್ಲಿ ರೇಡಾರ್‌ಗೆ ಮೊದಲ ಹಕ್ಕು. ರೇಡಾರ್‌ನಂಥ ಸಂಕೇತ ಕೇಳಿಸಿತೆಂದರೆ ರೂಟರ್ ತಕ್ಷಣ ಆ ಚಾನೆಲ್ ಖಾಲಿ ಮಾಡಬೇಕು. ಅದೇ ಗುಂಪಿನ ಇನ್ನೊಂದು ಚಾನೆಲ್‌ಗೆ ಹೋಗುವುದಾದರೆ ಮೊದಲು ಕನಿಷ್ಠ 60 ಸೆಕೆಂಡ್ ಮಾತಾಡದೆ ಕಿವಿಗೊಟ್ಟು ಕೂರಬೇಕು. ಆ ಒಂದು ನಿಮಿಷ 5 ಗಿಗಾಹರ್ಟ್ಸ್‌ನಲ್ಲಿರುವ ಎಲ್ಲ ಸಾಧನಗಳೂ ಒಟ್ಟಿಗೆ ಬೀಳುತ್ತವೆ, ಆಮೇಲೆ ಏನೂ ಆಗಿಲ್ಲವೆಂಬಂತೆ ಎದ್ದು ಬರುತ್ತವೆ. ಕೆಲವು ರೂಟರ್‌ಗಳು ರೇಡಾರ್ ಇಲ್ಲದೆಯೂ ಇದೆ ಎಂದು ಬೆಚ್ಚಿಬೀಳುವುದುಂಟು. ಇದಕ್ಕೆ ಮದ್ದು ಸುಲಭ. ಚಾನೆಲ್ ಆಯ್ಕೆಯನ್ನು ‘ಆಟೊ’ದಲ್ಲಿ ಬಿಡದೆ 36, 40, 44, 48ರಲ್ಲಿ ಒಂದಕ್ಕೆ ಕಟ್ಟಿಹಾಕಿ, ಅಗಲವನ್ನು 80 ಮೆಗಾಹರ್ಟ್ಸ್ ಮೀರದಂತೆ ಇಡಿ. 160 ಎಂದು ಕೊಟ್ಟರೆ ಅದು ಮತ್ತೆ ರೇಡಾರ್ ಚಾನೆಲ್‌ಗಳೊಳಕ್ಕೆ ಚಾಚಿಕೊಳ್ಳುತ್ತದೆ.

ಇನ್ನು ‘ಸ್ಮಾರ್ಟ್ ಕನೆಕ್ಟ್’ ಎಂಬ ಹೆಸರಿನಲ್ಲಿ ಎರಡೂ ಪಟ್ಟಿಗಳಿಗೆ ಒಂದೇ ವೈ-ಫೈ ಹೆಸರು ಕೊಟ್ಟಿರುತ್ತಾರೆ. ರೂಟರ್ ತನಗೆ ತೋಚಿದಾಗ ನಿಮ್ಮನ್ನು ಇಲ್ಲಿಂದ ಅಲ್ಲಿಗೆ ನೂಕುತ್ತದೆ. ಮನೆಯ ಮೂಲೆಮೂಲೆಗೂ ವೈ-ಫೈ ತಲುಪಿಸಲು ಇಡುವ ಮೆಶ್ ಪೆಟ್ಟಿಗೆಗಳಿದ್ದರೆ ಒಂದರಿಂದ ಇನ್ನೊಂದಕ್ಕೂ ನೂಕಾಟ ನಡೆಯುತ್ತದೆ. ಪ್ರತಿ ನೂಕಿಗೂ ಒಂದೆರಡು ಸೆಕೆಂಡ್ ಹೋದರೆ ಆಟಕ್ಕೆ ಅದೇ ಸಾಕು. 5 ಗಿಗಾಹರ್ಟ್ಸ್‌ಗೆ ಬೇರೆ ಹೆಸರು ಕೊಟ್ಟು ಪಿಸಿಯನ್ನು ಅಲ್ಲಿಗೇ ಸೇರಿಸಿ. ಫೋನಿನಲ್ಲಿ ಆಡುವವರು ಇನ್ನೊಂದನ್ನು ನೋಡಬೇಕು: ವೈ-ಫೈ ಸ್ವಲ್ಪ ಮಂಕಾದರೆ ತಾನಾಗಿ ಮೊಬೈಲ್ ಡೇಟಾಗೆ ಜಿಗಿಯುವ ಸೌಲಭ್ಯ. ಜಿಗಿದ ಕ್ಷಣ ನಿಮ್ಮ ಐಪಿ ವಿಳಾಸ ಬದಲಾಗುತ್ತದೆ, ಬಹಳಷ್ಟು ಸರ್ವರ್‌ಗಳಿಗೆ ಆಗ ನೀವು ಅಪರಿಚಿತರು.

ಈಗ ನೀವು ಬರೆದುಕೊಂಡ ಸಮಯಗಳಿಗೆ ಬರೋಣ. ನನಗೆ ಪಿಂಗ್‌ನ ಅಂಕಿಗಳಿಗಿಂತಲೂ ಇವುಗಳ ಮೇಲೆ ಹೆಚ್ಚು ನಂಬಿಕೆ. ಕಟ್ ಆಗುವುದು ಗಡಿಯಾರ ಹಿಡಿದಂತೆ ಇದ್ದರೆ, ಅಂದರೆ ಸರಿಯಾಗಿ ಅರ್ಧ ಗಂಟೆಗೆ, ಒಂದು ಗಂಟೆಗೆ, ಅದು ಸಿಗ್ನಲ್ ತೊಂದರೆಯಲ್ಲ. ಸಿಗ್ನಲ್‌ಗೆ ಗಡಿಯಾರ ನೋಡಲು ಬರುವುದಿಲ್ಲ. ಯಾವುದೋ ಟೈಮರ್ ಓಡುತ್ತಿದೆ. ರೂಟರ್ ನಿಮ್ಮ ಪಿಸಿಗೆ ಐಪಿ ವಿಳಾಸವನ್ನು ಕೊಡುವುದು ಬಾಡಿಗೆಗೆ, ಅವಧಿ ಅರ್ಧ ಕಳೆದಾಗ ಪಿಸಿ ಅದನ್ನು ನವೀಕರಿಸಬೇಕು. ಎಲ್ಲ ಸಾಧನಗಳಿಗೂ ಒಟ್ಟಿಗೆ ಕಳುಹಿಸುವ ಸಂದೇಶಗಳನ್ನು ಗೂಢವಾಗಿಡುವ ವೈ-ಫೈನ ಗುಂಪು ಕೀಲಿಯನ್ನು ರೂಟರ್ ಆಗಾಗ ಬದಲಿಸುತ್ತದೆ, ಬಹಳ ರೂಟರ್‌ಗಳಲ್ಲಿ 3600 ಸೆಕೆಂಡಿಗೊಮ್ಮೆ. ಇವೆರಡೂ ಸದ್ದಿಲ್ಲದೆ ನಡೆಯಬೇಕಾದ ಕೆಲಸಗಳೇ; ಹಳೆಯ ಡ್ರೈವರ್ ಅಥವಾ ಹಳೆಯ ಫರ್ಮ್‌ವೇರ್ (ರೂಟರ್‌ನೊಳಗಿನ ತಂತ್ರಾಂಶ) ಇದ್ದಲ್ಲಿ ಮುಗ್ಗರಿಸುತ್ತವೆ. ವೈ-ಫೈ ಡ್ರೈವರನ್ನೂ ರೂಟರ್‌ನ ಫರ್ಮ್‌ವೇರನ್ನೂ ಹೊಸದಾಗಿಸುವುದು ಮೊದಲ ಮದ್ದು.

ಟೈಮರ್ ಅಲ್ಲದ, ಆದರೆ ಒಂದು ಘಟನೆಗೆ ಅಂಟಿಕೊಂಡ ಕಡಿತಗಳೂ ಇವೆ. ನನ್ನದೇ ಕತೆ ಹೇಳಬೇಕೆಂದರೆ, ಒಂದು ಕಾಲದಲ್ಲಿ ಮೂರು ವಾರ ಹೀಗೆ ಒದ್ದಾಡಿದ್ದೆ. ವೈ-ಫೈ ಬೈದೆ, ಕೇಬಲ್ ಬದಲಿಸಿದೆ, ಕಂಪನಿಯವರ ಜೊತೆ ಜಗಳವಾಡಿದೆ. ಕೊನೆಗೆ ಸಮಯ ಬರೆದಿಟ್ಟು ನೋಡಿದರೆ, ಮನೆಯಲ್ಲಿ ಯಾರಾದರೂ ಪ್ರಿಂಟರ್ ಆನ್ ಮಾಡಿದಾಗ ಮಾತ್ರ ನನ್ನ ಆಟ ಬೀಳುತ್ತಿತ್ತು! ಹಿಂದೆಂದೋ ನಾನೇ ಆ ಪ್ರಿಂಟರ್‌ಗೆ ಒಂದು ಐಪಿ ವಿಳಾಸ ಕಾಯಂ ಮಾಡಿ ಮರೆತಿದ್ದೆ. ಅದೇ ವಿಳಾಸವನ್ನು ರೂಟರ್ ನನ್ನ ಲ್ಯಾಪ್‌ಟಾಪ್‌ಗೂ ಕೊಟ್ಟಿತ್ತು. ಒಂದೇ ಮನೆ ಸಂಖ್ಯೆಯ ಎರಡು ಮನೆಗಳಾದರೆ ಅಂಚೆಯವನು ಏನು ಮಾಡಬೇಕು? ಸಾಧನಕ್ಕೆ ಕಾಯಂ ವಿಳಾಸ ಬೇಕಿದ್ದರೆ ಅದನ್ನು ಸಾಧನದಲ್ಲಿ ಬರೆಯದೆ, ರೂಟರ್‌ನ ‘ಅಡ್ರೆಸ್ ರಿಸರ್ವೇಷನ್’ ಪುಟದಲ್ಲಿ ಬರೆಯಿರಿ.

ನೀವು ರಾತ್ರಿ ಹೊತ್ತು ಎಂದಿರುವುದು ಇನ್ನೊಂದು ಸುಳಿವು. ಫೋನುಗಳು ಚಾರ್ಜ್‌ಗೆ ಕೂತು ವೈ-ಫೈ ಸಿಕ್ಕಾಗ ದಿನವಿಡೀ ತೆಗೆದ ಫೋಟೊ, ವಿಡಿಯೊಗಳನ್ನು ಕ್ಲೌಡ್‌ಗೆ ಸಾಗಿಸಲು ಶುರುಮಾಡುತ್ತವೆ. ಅಪ್‌ಲೋಡ್ ದಾರಿ ತುಂಬಿಕೊಂಡಾಗ ರೂಟರ್ ಅಥವಾ ಮೋಡೆಮ್ ಪ್ಯಾಕೆಟ್‌ಗಳನ್ನು ಬಿಸಾಡುವ ಬದಲು ಉದ್ದನೆಯ ಸರದಿಯಲ್ಲಿ ನಿಲ್ಲಿಸುತ್ತಾ ಹೋಗುತ್ತದೆ. ನಿಮ್ಮ ಆಟದ ಚಿಕ್ಕ ಪ್ಯಾಕೆಟ್ ಆ ಸರದಿಯ ಕೊನೆಯಲ್ಲಿ ನಿಲ್ಲಬೇಕು. ಹೊರಗಿನ ಪಿಂಗ್ ಇಪ್ಪತ್ತರಿಂದ ಮುನ್ನೂರಕ್ಕೆ, ಐನೂರಕ್ಕೆ ಏರುತ್ತದೆ. ಕೇಬಲ್‌ನಲ್ಲಿ ರೂಟರ್‌ಗೆ ಹಾಕಿದ ಪಿಂಗ್ ಮಾತ್ರ ಆರಾಮಾಗಿರುತ್ತದೆ. ಜಿಮ್ ಗೆಟ್ಟಿಸ್ ಎಂಬ ತಂತ್ರಜ್ಞರು 2010ರ ಸುಮಾರಿಗೆ ತಮ್ಮ ಮನೆಯ ಸಂಪರ್ಕದಲ್ಲೇ ಇದರ ಬೆನ್ನು ಹತ್ತಿ ‘ಬಫರ್‌ಬ್ಲೋಟ್’ ಎಂದು ಹೆಸರಿಟ್ಟರು. ಪರೀಕ್ಷೆ ಸುಲಭ: ಹೊರಗಿನ ಪಿಂಗ್ ಓಡುತ್ತಿರುವಾಗ ಒಂದು ದೊಡ್ಡ ಫೈಲ್ ಅಪ್‌ಲೋಡ್ ಮಾಡಿ ನೋಡಿ. ಅಂಕಿ ಜಿಗಿದರೆ ರೂಟರ್‌ನಲ್ಲಿ ‘ಎಸ್‌ಕ್ಯುಎಂ’ ಎಂಬ ಆಯ್ಕೆ ಹುಡುಕಿ. ಅದರಲ್ಲಿ ಅಪ್‌ಲೋಡ್, ಡೌನ್‌ಲೋಡ್ ಮಿತಿಗಳನ್ನು ನಿಮಗೆ ನಿಜವಾಗಿ ಸಿಗುವ ವೇಗದ ಶೇ 90ರಷ್ಟಕ್ಕೆ ಇಡಿ. ಆಗ ಸರದಿ ನಿಮ್ಮ ರೂಟರ್‌ನ ಹತೋಟಿಗೆ ಬರುತ್ತದೆ, ಅದು ಚಿಕ್ಕ ಪ್ಯಾಕೆಟ್‌ಗಳಿಗೆ ಪಕ್ಕದಿಂದ ದಾರಿ ಬಿಡುತ್ತದೆ. ಆ ಆಯ್ಕೆ ಇಲ್ಲದಿದ್ದರೆ, ಆಡುವ ಹೊತ್ತಿನಲ್ಲಿ ಫೋನುಗಳ ಬ್ಯಾಕಪ್ ನಿಲ್ಲಿಸುವಂತೆ ಮನೆಯವರನ್ನು ಕೇಳಿಕೊಳ್ಳುವುದೂ ಒಂದು ತಂತ್ರಜ್ಞಾನವೇ.

ತಪ್ಪು ಯಾವ ಕಡೆಯದೆಂದು ಎರಡು ಕಿಟಕಿಗಳು ಹೇಳಿದರೂ, ಕಂಪನಿಗೆ ಫೋನ್ ಮಾಡುವ ಮೊದಲು ರೂಟರ್‌ನ ಸ್ಟೇಟಸ್ ಪುಟ ತೆರೆದು ‘ಅಪ್‌ಟೈಮ್’ ನೋಡಿ. ನೀವು ವಾರದಿಂದ ಮುಟ್ಟಿಲ್ಲ, ಆದರೆ ಅದು ಎರಡು ಗಂಟೆ ಎಂದು ತೋರಿಸುತ್ತಿದ್ದರೆ ರೂಟರ್ ತಾನೇ ಆಫ್ ಆಗಿ ಆನ್ ಆಗುತ್ತಿದೆ. ಸೊರಗಿದ ಪವರ್ ಅಡಾಪ್ಟರ್ ಅಥವಾ ಬಿಸಿ ಇದಕ್ಕೆ ಮಾಮೂಲಿ ಕಾರಣಗಳು. ಅಡಾಪ್ಟರ್ ಬದಲಿಸುವಾಗ ಅದರ ಮೇಲಿನ ವೋಲ್ಟ್ ಅಷ್ಟೇ ಇರಬೇಕು, ಆಂಪಿಯರ್ ಅಷ್ಟೇ ಅಥವಾ ಹೆಚ್ಚು ಇರಬಹುದು. ಫೈಬರ್ ಪೆಟ್ಟಿಗೆಯಲ್ಲಿ, ಬೆಳಕಿನ ಸಂಕೇತ ಬರುತ್ತಿಲ್ಲ ಎಂದು ಹೇಳುವ ‘ಎಲ್‌ಓಎಸ್’ ದೀಪ ಕಟ್ ಆದ ಹೊತ್ತಿಗೆ ಕೆಂಪಾಗಿ ಮಿನುಗಿತೇ ಗಮನಿಸಿ. ಕೆಲವು ಪೆಟ್ಟಿಗೆಗಳ ಪುಟದಲ್ಲಿ ಬರುವ ಬೆಳಕಿನ ಶಕ್ತಿಯನ್ನೂ ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತಾರೆ. ಮನೆಗಳಿಗೆ ಬರುವ ಸಾಮಾನ್ಯ ಜಿಪಾನ್ ಬಗೆಯ ಫೈಬರ್ ಲೈನಿನಲ್ಲಿ ಮೈನಸ್ 20ರ ಆಸುಪಾಸು ನೆಮ್ಮದಿ, ಮೈನಸ್ 27ರ ಹತ್ತಿರ ಬಂತೆಂದರೆ ಅಂಚಿನಲ್ಲಿ ನಿಂತ ಹಾಗೆ. ಕುರ್ಚಿಯ ಹಿಂದೆ ಚೂಪಾಗಿ ಮಡಚಿದ ಫೈಬರ್ ವೈರ್ ಕೂಡ ಬೆಳಕನ್ನು ಸೋರಿಸುತ್ತದೆ.

ದೂರು ಕೊಡುವ ರೀತಿಯನ್ನೂ ಬದಲಿಸಿ. ‘ಗೇಮ್ ಕಟ್ ಆಗುತ್ತಿದೆ’ ಎಂದರೆ ಅವರು ಸ್ಪೀಡ್ ನೋಡಿ ಸರಿಯಿದೆ ಎನ್ನುತ್ತಾರೆ, ಅವರ ದೃಷ್ಟಿಯಲ್ಲಿ ಅದು ಸುಳ್ಳಲ್ಲ. ‘ಪಿಸಿ ಕೇಬಲ್‌ನಲ್ಲಿದೆ, ರೂಟರ್‌ಗೆ ಒಂದು ಪ್ಯಾಕೆಟ್ಟೂ ಕಳೆದಿಲ್ಲ, ಹೊರಗಿನ ವಿಳಾಸಕ್ಕೆ ನಿನ್ನೆ ರಾತ್ರಿ 9:14ಕ್ಕೆ, 9:52ಕ್ಕೆ, 10:31ಕ್ಕೆ ಹತ್ತು ಹತ್ತು ಸೆಕೆಂಡ್ ಉತ್ತರವಿಲ್ಲ’ ಎಂದು ಬರೆದು ಚಿತ್ರ ಲಗತ್ತಿಸಿದರೆ ಆ ಸಮಯಕ್ಕೆ ತಮ್ಮ ಲಾಗ್ ತೆಗೆದು ನೋಡಲೇಬೇಕಾಗುತ್ತದೆ. ದಾರಿಯಲ್ಲಿ ಸಿಗುವ ರೂಟರ್‌ಗಳನ್ನು ಸಾಲು ಸಾಲಾಗಿ ತೋರಿಸುವ ಟ್ರೇಸ್‌ರೂಟ್ ಆಜ್ಞೆಯ ಚಿತ್ರ ಕಳುಹಿಸುವವರು ಒಂದು ಎಚ್ಚರ ವಹಿಸಬೇಕು: ನಡುವಿನ ಯಾವುದೋ ಒಂದು ಸಾಲಿನಲ್ಲಿ ನಕ್ಷತ್ರಗಳು ಬಂದು ಮುಂದಿನ ಸಾಲುಗಳು ಸರಿಯಿದ್ದರೆ ಅದು ದೋಷವಲ್ಲ. ಆ ರೂಟರ್ ಇಂಥ ಪ್ರಶ್ನೆಗಳಿಗೆ ಉತ್ತರಿಸುವುದಿಲ್ಲ, ಅಷ್ಟೆ. ಕೊನೆಯ ಸಾಲಿನವರೆಗೂ ನಷ್ಟ ಮುಂದುವರಿದರೆ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಪ್ಲೇಸ್ಟೇಷನ್‌ನಲ್ಲಿ ‘ಟೈಪ್ 3’, ಎಕ್ಸ್‌ಬಾಕ್ಸ್‌ನಲ್ಲಿ ‘ಸ್ಟ್ರಿಕ್ಟ್’ ಎಂದು ಬರುವ ನ್ಯಾಟ್ (ಹಲವು ಸಾಧನಗಳು ಒಂದೇ ಹೊರವಿಳಾಸ ಹಂಚಿಕೊಳ್ಳುವ ವ್ಯವಸ್ಥೆ) ತಕರಾರು ಬೇರೆಯದೇ ಜಾತಿ. ಕಂಪನಿಯ ಪೆಟ್ಟಿಗೆಯ ಹಿಂದೆ ನಿಮ್ಮದೊಂದು ರೂಟರ್ ಇಟ್ಟು ಎರಡೂ ರೂಟರ್ ಕೆಲಸ ಮಾಡುತ್ತಿದ್ದಾಗ, ಅಥವಾ ರೂಟರ್‌ನ ಹೊರವಿಳಾಸ 100.64ರಿಂದ 100.127ರ ನಡುವಿನ ಅಂಕಿಗಳಿಂದ ಶುರುವಾಗುವಾಗ ಅದು ಕಾಡುತ್ತದೆ. ಗೆಳೆಯರ ಜೊತೆ ಸೇರಲಾಗದಿರುವುದು, ಧ್ವನಿ ಕೇಳದಿರುವುದು ಅದರ ಲಕ್ಷಣ. ಸೇರಿ, ಆಡಿ, ಅರ್ಧ ಗಂಟೆಯ ನಂತರ ಬೀಳುವುದು ಅದರ ಲಕ್ಷಣವಲ್ಲ.

ಪಿಸಿಯಲ್ಲಿ ಒಂದೇ ಒಂದು ಕಡೆ ನೋಡಿ. ಡಿವೈಸ್ ಮ್ಯಾನೇಜರ್‌ನಲ್ಲಿ ನೆಟ್‌ವರ್ಕ್ ಅಡಾಪ್ಟರ್‌ನ ಪವರ್ ಮ್ಯಾನೇಜ್‌ಮೆಂಟ್ ಪುಟವಿದೆ. ವಿದ್ಯುತ್ ಉಳಿಸಲು ಈ ಸಾಧನವನ್ನು ಆಫ್ ಮಾಡಬಹುದು ಎಂಬ ಅನುಮತಿಯ ಗುರುತನ್ನು ಅಲ್ಲಿ ತೆಗೆಯಿರಿ. ‘ಜನರಲ್ ಫೇಲ್ಯೂರ್’ ಬರುತ್ತಿದ್ದವರಿಗೆ ಹಲವು ಸಲ ಇಷ್ಟರಲ್ಲೇ ಕೆಲಸ ಮುಗಿದಿರುತ್ತದೆ. ಕೇಬಲ್‌ನವರು ಲಿಂಕ್ ವೇಗವನ್ನೂ ನೋಡಲಿ. ಎರಡೂ ತುದಿ ಗಿಗಾಬಿಟ್‌ನವಾಗಿದ್ದು 100 ಎಂದು ತೋರಿಸಿದರೆ ಕೇಬಲ್‌ನ ಎಂಟು ತಂತಿಗಳಲ್ಲಿ ಒಂದಾದರೂ ಸತ್ತಿರುವ ಸಾಧ್ಯತೆ ಹೆಚ್ಚು: ಗಿಗಾಬಿಟ್‌ಗೆ ಎಂಟೂ ಬೇಕು, 100ಕ್ಕೆ ನಾಲ್ಕು ಸಾಕು.

ರೂಟರ್ ವಿಚಾರ ಕೊನೆಗೆ. ಮೂರು ರಾತ್ರಿಯ ಸಮಯಗಳು ಕೈಯಲ್ಲಿರಲಿ. ಕೇಬಲ್‌ನಲ್ಲೂ ರೂಟರ್‌ನ ಕಿಟಕಿಯೇ ನಿಲ್ಲುತ್ತಿದ್ದು, ಕೇಬಲ್ ಮತ್ತು ಅಡಾಪ್ಟರ್ ಬದಲಿಸಿದ ಮೇಲೂ, ಫರ್ಮ್‌ವೇರ್ ಹೊಸದಾದ ಮೇಲೂ ಹಾಗೇ ಇದ್ದರೆ ಹೊಸದನ್ನು ಕೊಳ್ಳಿ. ಬಫರ್‌ಬ್ಲೋಟ್ ಸಿಕ್ಕಿ, ಈಗಿನ ರೂಟರ್‌ನಲ್ಲಿ ಎಸ್‌ಕ್ಯುಎಂ ಇಲ್ಲದಿದ್ದರೂ ಕೊಳ್ಳಿ. ಆಗ ಡಬ್ಬದ ಮೇಲೆ ಹುಡುಕಬೇಕಾದದ್ದು ಆ ಮೂರಕ್ಷರವನ್ನು, ಕೆಂಪು ದೀಪ ಮತ್ತು ಎಂಟು ಆಂಟೆನಾಗಳನ್ನಲ್ಲ.